ಹೊಸ್ತಿಲಲ್ಲೇ ಕೂತ ಮೂವರು

ತಾರ್ಕೋವ್‌ಸ್ಕಿಯ 'ಸ್ಟಾಕರ್' (1979) ಬಗ್ಗೆ ಎಲ್ಲರೂ ಮೊದಲು ಹೇಳೋ ಮಾತು: ತುಂಬಾ ನಿಧಾನ. ನಿಜ. 160 ನಿಮಿಷ ದಾಟೋ ಸಿನಿಮಾದಲ್ಲಿ ಇರೋದು 142 ಶಾಟ್ ಮಾತ್ರ. ಆದರೆ ನಾನು ಸಂಶಿಯವನು. ಪಕ್ಕದ ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಕೂತು ಹಾಡು ಕೇಳೋ ಸೀಮೆ ನಮ್ಮದು. ವಿಲಂಬಿತ್‌ನಲ್ಲಿ ಗವಾಯಿಗಳು ಒಂದೇ ಸ್ವರದ ಸುತ್ತ ಎಷ್ಟು ಹೊತ್ತು ಸುತ್ತಿದರೂ ಅಲ್ಲಿ ಯಾರೂ ವಾಚ್ ನೋಡಲ್ಲ. ಹಾಗಾಗಿ ನಿಧಾನದ ದೂರನ್ನ ಇಲ್ಲಿಗೇ ಬಿಡೋಣ.

ಕತೆ ಇಷ್ಟು. 'ವಲಯ' ಅಂತ ಒಂದು ನಿಷೇಧಿತ ಜಾಗ. ಅದರ ನಡುವೆ ಒಂದು ಕೋಣೆ. ಒಳಗೆ ಹೋದವರ ಮನಸಿನ ಆಳದ ಆಸೆ ಈಡೇರತ್ತೆ. ಕದ್ದು ದಾರಿ ತೋರಿಸೋನು ಸ್ಟಾಕರ್. ಅವನ ಹಿಂದೆ ಒಬ್ಬ ಲೇಖಕ, ಒಬ್ಬ ಪ್ರೊಫೆಸರ್. ರೈಲ್ವೆ ಟ್ರಾಲಿ ಮೇಲೆ ಕೂತು ಹೊರಡ್ತಾರೆ. ಕ್ಯಾಮೆರಾ ಬರೀ ಅವರ ತಲೆ, ಕತ್ತು, ಕಿವಿ ನೋಡ್ತಾ ಇರತ್ತೆ. ಗಾಲಿಯ ಟಕಟಕ ಸದ್ದು ಅರ್ತೆಮ್ಯೇವ್‌ನ ಸಂಗೀತದೊಳಗೆ ಯಾವಾಗ ಕರಗಿತು ಅಂತಲೇ ಗೊತ್ತಾಗಲ್ಲ. ಆಮೇಲೆ ಥಟ್ಟನೆ ಬಣ್ಣ: ಹಸಿರು ಹುಲ್ಲು, ತುಕ್ಕು ಹಿಡಿದ ಟ್ಯಾಂಕುಗಳು. ಎಸ್ತೋನಿಯಾದ ಪಾಳುಬಿದ್ದ ವಿದ್ಯುತ್ ಕೇಂದ್ರಗಳಲ್ಲಿ ಚಿತ್ರೀಕರಿಸಿದ್ದು. ಮೊದಲು ತೆಗೆದ ರೀಲು ಹಾಳಾಗಿ, ಹೊಸ ಛಾಯಾಗ್ರಾಹಕನನ್ನ ಕರೆಸಿ ಮತ್ತೆ ತೆಗೆದರು.

ಮೂಲ ಕಾದಂಬರಿ ಸ್ತ್ರುಗಾತ್‌ಸ್ಕಿ ಸೋದರರ 'ರೋಡ್‌ಸೈಡ್ ಪಿಕ್ನಿಕ್' (1972). ಅದರಲ್ಲಿ ವಲಯ ಅಂದ್ರೆ ಅನ್ಯಗ್ರಹದವರು ಬಂದು ಬಿಟ್ಟುಹೋದ ಕಸ. ನಾವು ಪಿಕ್ನಿಕ್ ಮುಗಿಸಿ ಪ್ಲಾಸ್ಟಿಕ್ ಬಿಟ್ಟುಬಂದ ಹಾಗೆ. ನಾಯಕ ರೆಡ್ ಆ ಕಸ ಕದ್ದು ಮಾರ್ತಾನೆ, ಕುಡೀತಾನೆ, ಜೈಲಿಗೆ ಹೋಗ್ತಾನೆ. ಕೊನೆಗೆ ಆಸೆ ಈಡೇರಿಸೋ ಚಿನ್ನದ ಗೋಳದ ದಾರಿಗೆ ಒಬ್ಬ ಹುಡುಗನನ್ನೇ ಬಲಿ ಕೊಡ್ತಾನೆ. ತಾರ್ಕೋವ್‌ಸ್ಕಿ ಈ ವ್ಯಾಪಾರವನ್ನೆಲ್ಲ ಒರೆಸಿಹಾಕಿ ರೆಡ್‌ನ ಜಾಗದಲ್ಲಿ ಕಣ್ಣೀರಿಡೋ ಒಬ್ಬ ಸಂತನನ್ನ ಕೂರಿಸಿದ. ಈ ವಿಷಯದಲ್ಲಿ ನಾನು ಕಾದಂಬರಿಯ ಪಕ್ಷ. ಹೊಟ್ಟೆಪಾಡಿನ ಮನುಷ್ಯ ಹೊರಟುಹೋದ ಜಾಗದಲ್ಲಿ ಲೇಖಕನ ಉದ್ದುದ್ದ ಭಾಷಣ ಕೇಳೋದು ಕಷ್ಟ.

ಆದರೆ ಹಾಗೆ ಒರೆಸಿದ್ದರಿಂದಲೇ ಉಳಿದ ಒಂದು ವಿಷಯ ನನ್ನನ್ನ ಬಿಡ್ತಿಲ್ಲ. 'ಮುಳ್ಳುಹಂದಿ' ಅಂತ ಅಡ್ಡಹೆಸರಿನ ಇನ್ನೊಬ್ಬ ಸ್ಟಾಕರ್ ಇದ್ದ. ವಲಯದಲ್ಲಿ ತನ್ನಿಂದಲೇ ಸತ್ತ ತಮ್ಮನ ಜೀವ ಬೇಡೋಕೆ ಕೋಣೆಗೆ ಹೋದ. ಸಿಕ್ಕಿದ್ದು ರಾಶಿ ದುಡ್ಡು. ನೇಣು ಹಾಕ್ಕೊಂಡ. ನಮ್ಮ ಕಡೆ ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊರೋವಾಗ ಬಾಯಿಬಿಟ್ಟು ಕೇಳ್ತಾರೆ, ತೀರಿದ ಮೇಲೆ ಮುಟ್ಟಿಸ್ತಾರೆ, ಲೆಕ್ಕ ಚುಕ್ತಾ. ಈ ಕೋಣೆಗೆ ಬಾಯಿಮಾತು ಕೇಳ್ಸೋದೇ ಇಲ್ಲ. ಬೆಂಗಳೂರಲ್ಲಿ ಕೂತು "ಇನ್ನ ಎರಡು ವರ್ಷ, ಆಮೇಲೆ ಊರಿಗೆ ಬಂದು ಹೊಲಾ ನೋಡ್ಕೋತೀನಿ" ಅಂತ ಪ್ರತಿ ಸಲ ಫೋನಲ್ಲಿ ಅಪ್ಪನಿಗೆ ಹೇಳೋ ನನ್ನಂಥವರು ಅಲ್ಲಿ ಹೋಗಿ ನಿಂತರೆ? ಬೆಳವಲದ ಎರೆಹೊಲ ಸಿಗತ್ತಾ, ವೈಟ್‌ಫೀಲ್ಡಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟಾ? ಸಿನಿಮಾದ ಮೂವರೂ ಹೊಸ್ತಿಲಲ್ಲೇ ಕುಕ್ಕರಿಸಿಬಿಡ್ತಾರೆ. ಒಳಗೆ ಮಳೆ ಬಂದು ನಿಲ್ಲತ್ತೆ. ಯಾರೂ ಕಾಲಿಡಲ್ಲ. ಅವರನ್ನ ಹೇಡಿಗಳು ಅನ್ನೋ ಧೈರ್ಯ ನನಗಿಲ್ಲ.

ಸಿನಿಮಾ ಕಾದಂಬರಿಯನ್ನ ಮೀರಿಸೋದು ವಲಯದ ಆಚೆ, ಮನೆಯೊಳಗೆ. ಸ್ಟಾಕರನ ಹೆಂಡತಿ (ಅಲಿಸಾ ಫ್ರೈಂಡ್ಲಿಖ್) ಕ್ಯಾಮೆರಾಕ್ಕೇ ಮುಖ ಕೊಟ್ಟು ಮಾತಾಡ್ತಾಳೆ. ತಾಯಿ ಬೇಡ ಅಂದಿದ್ದು, ಕಷ್ಟ ಬರತ್ತೆ ಅಂತ ತನಗೂ ಗೊತ್ತಿದ್ದದ್ದು, ಆದರೂ ಪಶ್ಚಾತ್ತಾಪ ಪಡದೇ ಇದ್ದದ್ದು. ಇಂಥ ಮಾತನ್ನ ನಮ್ಮೂರ ಕಟ್ಟೆ ಮೇಲೆ ಜೋಳ ಹಸನು ಮಾಡ್ತಾ ಕೂತ ಯಾವ ಅವ್ವನ ಬಾಯಲ್ಲೂ ಕೇಳಬಹುದು. ಇದಕ್ಕೆ ಮುಂಚೆ ಅವಳು, ಬೇಕಾದರೆ ತಾನೇ ಜೊತೆಗೆ ಬರ್ತೀನಿ, ತನಗೂ ಕೇಳೋದಿಲ್ವಾ ಅಂದಿರ್ತಾಳೆ. ಗಂಡ ಬೇಡ ಅಂತಾನೆ. ವಲಯಕ್ಕೆ ಹೋಗೋರು ಗಂಡಸರೇ, ಸೋತು ಬರೋರೂ ಅವರೇ. ಅವಳೇನು ಕೇಳ್ತಿದ್ದಳು ಅನ್ನೋದು ನಮಗೆ ತಿಳಿಯಲ್ಲ. ಮೂರು ಪುರುಷರ ತತ್ವಚಿಂತನೆಗಿಂತ ನನಗೆ ಅದರ ಬಗ್ಗೆಯೇ ಹೆಚ್ಚು ಕುತೂಹಲ.

ಕೊನೆಯ ಶಾಟ್ ಅವರ ಮಗಳದ್ದು, ನಡೆಯೋಕಾಗದ ಹುಡುಗಿ. ಸಿನಿಮಾದ ಶುರುವಿನಲ್ಲಿ ರೈಲು ಹೋದಾಗ ಗ್ಲಾಸು ಅಲ್ಲಾಡಿತ್ತು. ಹಳಿ ಪಕ್ಕದ ಮನೆಗಳಲ್ಲಿ ಗಾಡಿ ಹಾಯ್ದಾಗ ಹಲಗೆ ಮೇಲಿನ ಚರಿಗೆ ಗಡಗಡ ಅಂದ ಹಾಗೆ. ಈಗ ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ನೋಡ್ತಾಳೆ, ಗ್ಲಾಸು ತಾನಾಗೇ ಸರಿಯತ್ತೆ. ರೈಲಿನ ಅಬ್ಬರ ಬರೋದು ಆಮೇಲೆ. ಮಾಸ್‌ಫಿಲ್ಮ್‌ನವರೇ ಯೂಟ್ಯೂಬಿಗೆ ಹಾಕಿದ್ದಾರೆ. ಹೆಡ್‌ಫೋನ್ ಹಾಕ್ಕೊಂಡು ನೋಡಿ. ಯಾವುದು ಮೊದಲು, ಯಾವುದು ನಂತರ ಅನ್ನೋದು ಕಿವಿಗೇ ಕೇಳ್ಬೇಕು.