ಪೊರಕೆ ಏರಿದ ಓದುಗರು

ಕಾದಂಬರಿಯೊಂದನ್ನು ಮೆಚ್ಚಿದವರು ಸಾಮಾನ್ಯವಾಗಿ ಅದರ ಬಗ್ಗೆ ಮಾತಾಡುತ್ತಾರೆ, ಬರೆಯುತ್ತಾರೆ, ನಾಲ್ಕು ಜನಕ್ಕೆ ಓದಿಸುತ್ತಾರೆ. ಅಮೆರಿಕದ ವರ್ಮಾಂಟ್ ರಾಜ್ಯದ ಮಿಡಲ್‌ಬರಿ ಕಾಲೇಜಿನ ಕೆಲವು ವಿದ್ಯಾರ್ಥಿಗಳು 2005ರಲ್ಲಿ ಬೇರೆಯದೇ ಕೆಲಸ ಮಾಡಿದರು. ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಕಾದಂಬರಿಗಳಲ್ಲಿ ಮಾಂತ್ರಿಕರು ಪೊರಕೆ ಏರಿ ಆಕಾಶದಲ್ಲಿ ಆಡುವ ಕ್ವಿಡಿಚ್ ಎಂಬ ಆಟವನ್ನು ಹುಲ್ಲಿನ ಮೇಲೆ ಓಡಿ ಆಡಿದರು. ಕ್ಸಾಂಡರ್ ಮ್ಯಾನ್‌ಶೆಲ್ ಅದಕ್ಕೆ ನಿಯಮಗಳನ್ನು ಹೊಂದಿಸಿದರು. ಅಲೆಕ್ಸ್ ಬೆನೆಪಿ ಅದನ್ನು ಉಳಿದ ಕಾಲೇಜುಗಳಿಗೆ ದಾಟಿಸಿದರು. 2007ರಲ್ಲಿ ವ್ಯಾಸರ್ ಕಾಲೇಜಿನ ಜೊತೆ ಮೊದಲ ಅಂತರಕಾಲೇಜು ಪಂದ್ಯ ನಡೆಯಿತು. 2016ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ಅಮೆರಿಕವನ್ನೇ ಸೋಲಿಸಿತು.

ಇದನ್ನು ಅಭಿಮಾನಿಗಳ ಹುಡುಗಾಟ ಎಂದು ಬದಿಗಿಡುವುದು ಸುಲಭ. ಆದರೆ ಈ ಆಟದ ನಿಯಮಗಳನ್ನು ಕಾದಂಬರಿಯ ಪಕ್ಕದಲ್ಲಿಟ್ಟು ಓದಿದರೆ ಬೇರೊಂದು ಸಂಗತಿ ಕಾಣುತ್ತದೆ. ಎಲ್ಲೆಲ್ಲಿ ನಿಯಮ ಬದಲಾಗಿದೆಯೋ ಅಲ್ಲೆಲ್ಲ ಒಂದು ವಿಮರ್ಶೆ ಇದೆ. ಪ್ರಬಂಧ ಬರೆಯುವ ನಮ್ಮಂಥವರು ಪುಟಗಟ್ಟಲೆ ಹೇಳುವುದನ್ನು ಈ ಹುಡುಗರು, ಹುಡುಗಿಯರು ಒಂದು ಅಂಕ ಕಡಿತದಲ್ಲಿ ಹೇಳಿದ್ದಾರೆ.

ಮೊದಲು ಆ ಅಂಕವನ್ನೇ ನೋಡೋಣ. ಕಾದಂಬರಿಯಲ್ಲಿ ಪ್ರತಿ ಗೋಲಿಗೆ 10 ಅಂಕ. ರೆಕ್ಕೆಯ ಚಿನ್ನದ ಚೆಂಡು ಸ್ನಿಚ್ ಅನ್ನು ಹಿಡಿದವರಿಗೆ 150 ಅಂಕ, ಆಟವೂ ಅಲ್ಲಿಗೆ ಮುಗಿಯುತ್ತದೆ. ಅಂದರೆ ಆರು ಜನ ಬೆವರು ಸುರಿಸಿ ಗಳಿಸಿದ್ದನ್ನು ಏಳನೆಯವನು ಒಂದು ಹಿಡಿತದಲ್ಲಿ ಮೀರಿಸಬಹುದು. ಆ ಏಳನೆಯವನು ಹ್ಯಾರಿ. ಆಟವಾಗಿ ಇದು ಅಸಮತೋಲದ್ದು. ಕಥೆಯಾಗಿ ಬಹಳ ಅನುಕೂಲದ್ದು. ನಾಯಕನೊಬ್ಬನ ಸುತ್ತ ಹೆಣೆದ ಕಥನಕ್ಕೆ ಇಂಥ ಆಟವೇ ಬೇಕು. ನಾಲ್ಕನೆಯ ಕಾದಂಬರಿಯ ವಿಶ್ವಕಪ್‌ನಲ್ಲಿ ಬಲ್ಗೇರಿಯಾದ ಕ್ರಮ್ ಸ್ನಿಚ್ ಹಿಡಿದರೂ ಐರ್ಲೆಂಡ್ 170–160ರಿಂದ ಗೆಲ್ಲುತ್ತದೆ. ಆದರೆ ಅದು ಅಪರೂಪದ ಪ್ರಸಂಗ ಎಂಬಂತೆಯೇ ಕಥೆ ಅದನ್ನು ನಡೆಸುತ್ತದೆ.

ನೆಲದ ಮೇಲೆ ಓಡುವವರಿಗೆ ಈ ಲೆಕ್ಕ ಒಗ್ಗಲಿಲ್ಲ. ಅವರು ಸ್ನಿಚ್ಚಿನ ಬೆಲೆಯನ್ನು 30 ಅಂಕಕ್ಕೆ ಇಳಿಸಿದರು. ಮೂರು ಗೋಲಿನ ಸಮ. ಕಾದಂಬರಿಯಲ್ಲಿ ಹಿನ್ನೆಲೆಯಲ್ಲಿದ್ದ ಆರು ಜನ ಹೀಗೆ ಮುಂದಕ್ಕೆ ಬಂದರು. ‘ಆಯ್ದ ಒಬ್ಬನೇ ಎಲ್ಲರನ್ನೂ ಗೆಲ್ಲಿಸುತ್ತಾನೆ’ ಎಂಬ ಕಥನಕ್ಕೆ ಇದಕ್ಕಿಂತ ಚುಟುಕಾದ ಆಕ್ಷೇಪವನ್ನು ನಾನು ಓದಿಲ್ಲ.

ಎರಡನೆಯದು ಸ್ನಿಚ್ಚೇ. ಮಂತ್ರವಿಲ್ಲದ ಲೋಕದಲ್ಲಿ ಚೆಂಡಿಗೆ ರೆಕ್ಕೆ ಬರುವುದಿಲ್ಲ. ಹಾಗಾಗಿ ಹಳದಿ ಬಟ್ಟೆ ತೊಟ್ಟ ಓಟಗಾರರೊಬ್ಬರು ಸ್ನಿಚ್ ಆದರು. ಕಾಲುಚೀಲದಲ್ಲಿ ಟೆನಿಸ್ ಚೆಂಡು ತುಂಬಿ ಸೊಂಟದ ಹಿಂದೆ ಸಿಕ್ಕಿಸಿಕೊಂಡರೆ ಸಿದ್ಧ. ಆರಂಭದ ವರ್ಷಗಳಲ್ಲಿ ಇವರು ಅಂಗಳ ಬಿಟ್ಟು ಕ್ಯಾಂಪಸ್ ತುಂಬ ಓಡಬಹುದಿತ್ತು. ಎರಡೂ ತಂಡಕ್ಕೆ ಸೇರದೆ, ಇಬ್ಬರನ್ನೂ ಕಾಡಿಸುತ್ತ, ನೋಡುವವರನ್ನು ನಗಿಸುವ ಈ ಪಾತ್ರ ನಮಗೆ ಅಪರಿಚಿತವಲ್ಲ. ಯಕ್ಷಗಾನದ ಹಾಸ್ಯಗಾರನನ್ನು ಬಲ್ಲವರು ಇವರನ್ನು ಥಟ್ಟನೆ ಗುರುತಿಸುತ್ತಾರೆ. ಪುಸ್ತಕದಲ್ಲಿ ವಸ್ತುವಾಗಿದ್ದದ್ದು ಇಲ್ಲಿ ಮನುಷ್ಯ ಪಾತ್ರವಾಯಿತು.

ಮೂರನೆಯದು, ನನಗೆ ಅತ್ಯಂತ ಮುಖ್ಯವಾದದ್ದು, ಪೊರಕೆ. ಆಟಗಾರರು ಹಾರುವುದಿಲ್ಲ ಎಂದಾದಮೇಲೆ ಕಾಲ ನಡುವೆ ಕೋಲೇಕೆ? ಕಾದಂಬರಿಯಲ್ಲಿ ಪೊರಕೆ ಒಂದು ಶಕ್ತಿ. ಅನಾಥ ಹುಡುಗನಿಗೆ ಮೊದಲ ಸಲ ತಾನು ಏನೋ ಬಲ್ಲೆ ಅನಿಸುವುದು ಅದರ ಮೇಲೆ ಕೂತಾಗ. ಅಂಗಳದಲ್ಲಿ ಅದೇ ಪೊರಕೆ ಅಡಚಣೆ. ಒಂದು ಕೈ ಅದನ್ನು ಹಿಡಿದುಕೊಳ್ಳುವುದರಲ್ಲೇ ಹೋಗುತ್ತದೆ. ಓಡುವುದು, ಎಸೆಯುವುದು, ಎದುರಾಳಿಯನ್ನು ತಡೆಯುವುದು ಎಲ್ಲ ಉಳಿದ ಒಂದು ಕೈಯಲ್ಲಿ. ಎದುರಾಳಿಯ ಬ್ಲಡ್ಜರ್ ಚೆಂಡು ತಗುಲಿದರೆ ಕೋಲಿನಿಂದ ‘ಇಳಿದು’, ತನ್ನ ತಂಡದ ಬಳೆಗಳ ತನಕ ಓಡಿ, ಮುಟ್ಟಿ, ಮತ್ತೆ ‘ಏರಿ’ ಬರಬೇಕು. ಇಳಿಯಲು ಎತ್ತರವೇ ಇಲ್ಲದಿದ್ದರೂ ಇಳಿಯಬೇಕು. ಅಲ್ಲಿ ನಂಬಿಕೆ ನಿಯಮವಾಗುತ್ತದೆ. ನಮ್ಮ ಜಾತ್ರೆ, ಮೆರವಣಿಗೆಗಳ ಕೀಲುಕುದುರೆಯಲ್ಲೂ ಕುದುರೆ ಸವಾರನನ್ನು ಹೊರುವುದಿಲ್ಲ, ಸವಾರನೇ ಕುದುರೆಯನ್ನು ಹೊರುತ್ತಾನೆ. ಕಲ್ಪನೆಯನ್ನು ಹೊರುವುದು ಮೈಯೇ ಎಂಬುದನ್ನು ಎರಡೂ ಮರೆಮಾಚುವುದಿಲ್ಲ.

ನಾಲ್ಕನೆಯದು ಲಿಂಗದ ಪ್ರಶ್ನೆ. ಹಾಗ್ವರ್ಟ್ಸ್ ಶಾಲೆಯ ತಂಡಗಳಲ್ಲಿ ಹುಡುಗ, ಹುಡುಗಿಯರು ಒಟ್ಟಿಗೆ ಆಡುತ್ತಾರೆ. ಕಾದಂಬರಿ ಅದನ್ನು ಸಹಜವೆಂಬಂತೆ ಬಿಡುತ್ತದೆ. ವಿದ್ಯಾರ್ಥಿಗಳು ಆ ಸಹಜತೆಯನ್ನು ನಂಬಿ ಕೂರಲಿಲ್ಲ, ನಿಯಮ ಬರೆದರು: ಅಂಗಳದಲ್ಲಿ ಒಂದೇ ಲಿಂಗದವರು ಇಂತಿಷ್ಟಕ್ಕಿಂತ ಹೆಚ್ಚು ಇರಬಾರದು, ಲಿಂಗ ಯಾವುದೆಂದು ಹೇಳುವವರು ಆಟಗಾರರೇ. ಇದಕ್ಕೆ ಅಮೆರಿಕದಲ್ಲಿ ಇಟ್ಟ ಹೆಸರು ‘ಟೈಟಲ್ ಒಂಬತ್ತೂ ಮುಕ್ಕಾಲು’. ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ 1972ರ ‘ಟೈಟಲ್ ಒಂಬತ್ತು’ ಕಾನೂನು ಮತ್ತು ಹ್ಯಾರಿ ರೈಲು ಹತ್ತುವ ಒಂಬತ್ತೂ ಮುಕ್ಕಾಲು ಪ್ಲಾಟ್‌ಫಾರ್ಮು ಆ ಹೆಸರಿನಲ್ಲಿ ಕೈಜೋಡಿಸಿವೆ.

ಮುಂದೆ ಘರ್ಷಣೆಯಾದದ್ದು ಈ ನಿಯಮ ನಿಂತ ನೆಲದಲ್ಲೇ. ಟ್ರಾನ್ಸ್ ಜನರ ಕುರಿತು ರೌಲಿಂಗ್ ಬಹಿರಂಗವಾಗಿ ತಳೆದ ನಿಲುವುಗಳು, ಟ್ರಾನ್ಸ್ ಆಟಗಾರರಿಗೆ ಜಾಗ ಮಾಡಿಕೊಟ್ಟ ಈ ಸಮುದಾಯಕ್ಕೆ ನೇರವಾಗಿ ತಾಗಿದವು. 2022ರಲ್ಲಿ ಅಮೆರಿಕದ ಸಂಘಟನೆಗಳು ಆಟದ ಹೆಸರನ್ನು ‘ಕ್ವಾಡ್‌ಬಾಲ್’ ಎಂದು ಬದಲಿಸಿದವು. ಅಂತರರಾಷ್ಟ್ರೀಯ ಸಂಘಟನೆಯೂ ಅದನ್ನು ಒಪ್ಪಿತು. ನಾಲ್ಕು ಚೆಂಡು, ನಾಲ್ಕು ಬಗೆಯ ಆಟಗಾರರು ಎಂಬುದರಿಂದ ಆ ಹೆಸರು. ಕಾರಣ ಒಂದೇ ಅಲ್ಲ. ‘ಕ್ವಿಡಿಚ್’ ಪದದ ಟ್ರೇಡ್‌ಮಾರ್ಕ್ ವಾರ್ನರ್ ಬ್ರದರ್ಸ್ ಕೈಯಲ್ಲಿದ್ದುದರಿಂದ ಪ್ರಾಯೋಜಕತ್ವಕ್ಕೂ ಪ್ರಸಾರಕ್ಕೂ ತೊಡಕಿತ್ತು ಎಂದೂ ಅವರೇ ಹೇಳಿದರು. ತತ್ವ ಮತ್ತು ವ್ಯಾಪಾರ ಎರಡೂ ಬೆರೆತ ನಿರ್ಧಾರವನ್ನು ಬರಿಯ ತತ್ವದ್ದೆಂದು ಕೊಂಡಾಡಬೇಕಿಲ್ಲ, ಬರಿಯ ವ್ಯಾಪಾರದ್ದೆಂದು ಹಂಗಿಸಬೇಕಾಗಿಯೂ ಇಲ್ಲ.

‘ಲೇಖಕನ ಸಾವು’ ಎಂದು ರೋಲಾಂ ಬಾರ್ತ್ 1967ರಲ್ಲಿ ಬರೆದದ್ದನ್ನು ನಾವು ಸೆಮಿನಾರುಗಳಲ್ಲಿ ಸಲೀಸಾಗಿ ಬಳಸುತ್ತೇವೆ. ಇಲ್ಲಿ ಅದು ಸಲೀಸಾಗಿರಲಿಲ್ಲ. ಲೇಖಕಿ ಬದುಕಿದ್ದಾರೆ, ಮಾತಾಡುತ್ತಿದ್ದಾರೆ. ಬಾಲ್ಯವಿಡೀ ಅವರ ಪುಸ್ತಕ ಓದಿ ಬೆಳೆದವರಲ್ಲಿ ಕೆಲವರಿಗೆ ಆ ಮಾತು ತಮ್ಮ ಇರವನ್ನೇ ಅಲ್ಲಗಳೆದಂತೆ ಕೇಳಿಸಿತು. ಅವರು ಪುಸ್ತಕವನ್ನು ಸುಡಲಿಲ್ಲ, ಲೇಖಕಿಯನ್ನು ಒಪ್ಪಿಕೊಳ್ಳಲೂ ಇಲ್ಲ. ಹೆಸರು ಬಿಟ್ಟು ಕೋಲನ್ನು ಉಳಿಸಿಕೊಂಡರು. ಕೃತಿಯಿಂದ ಪಡೆದದ್ದರಲ್ಲಿ ಯಾವುದು ತಮ್ಮದು, ಯಾವುದು ಅಲ್ಲ ಎಂದು ಬೇರ್ಪಡಿಸುವ ಹಕ್ಕು ಅವರಿಗೆ ಬಂದದ್ದು ಹದಿನೇಳು ವರ್ಷ ಬೆವರಿ ಆಡಿದ್ದರಿಂದ.

ಕಳೆದುಕೊಂಡದ್ದೂ ಇದೆ. ಮನೆಯ ಪೊರಕೆಯ ಜಾಗಕ್ಕೆ ಅಳತೆಯ ಪ್ಲಾಸ್ಟಿಕ್ ಕೊಳವೆ ಬಂತು, ಸ್ನಿಚ್ ಅಂಗಳದೊಳಗೆ ಬಂಧಿಯಾಯಿತು, ನಿಯಮಪುಸ್ತಕ ದಪ್ಪವಾಯಿತು. ಗಂಭೀರ ಕ್ರೀಡೆ ಎನಿಸಿಕೊಳ್ಳುವ ಆಸೆಯಲ್ಲಿ ಆಟ ತನ್ನ ತುಂಟತನವನ್ನು ಒಂದಿಷ್ಟು ಒತ್ತೆಯಿಟ್ಟಿತು. ವಿಮರ್ಶೆಯೂ ಶಾಸ್ತ್ರವಾಗುವಾಗ ಹೀಗೇ ಆಗುತ್ತದೆ, ಅದು ನಮಗೆ ಗೊತ್ತಿರುವ ಕಥೆ.

ನಮ್ಮ ಸಾಹಿತ್ಯ ವಿಭಾಗಗಳು ಇದರಿಂದ ಕಲಿಯಬೇಕಾದದ್ದು ಪೊರಕೆ ಹಿಡಿದು ಓಡುವುದನ್ನಲ್ಲ. ತಾಳಮದ್ದಲೆಯ ಅರ್ಥಧಾರಿ ಪ್ರಸಂಗದ ಪದ್ಯವನ್ನು ಮುಂದಿಟ್ಟುಕೊಂಡೇ ಅದರೊಡನೆ ವಾದಕ್ಕಿಳಿಯುವುದನ್ನು ಕಂಡ ನಾಡು ಇದು. ಆದರೂ ತರಗತಿಯಲ್ಲಿ ಕೃತಿಯನ್ನು ಮುಟ್ಟಬಾರದ ವಸ್ತುವಾಗಿಸಿ, ವಿದ್ಯಾರ್ಥಿಗೆ ಸಾರಾಂಶವನ್ನಷ್ಟೇ ಬಿಡುತ್ತೇವೆ. ಕೃತಿಯೊಂದರ ನಿಯಮ ಬದಲಿಸಿ ನೋಡಿ ಎಂದು ಅವರನ್ನು ಕೇಳಿದರೆ, ಆ ನಿಯಮ ಅಲ್ಲಿ ಏಕಿತ್ತು ಎಂಬುದನ್ನು ಅವರೇ ನಮಗೆ ಹೇಳಿಯಾರು.