ನಲವತ್ತು ಮೆಟ್ಟಿಲಿನ ಸುರಕ್ಷತೆ

ರೈಲ್ವೆ ಗೇಟು ಮುಚ್ಚಿ ಪಾದಚಾರಿ ಬ್ರಿಡ್ಜ್ ಕಟ್ಟಿದ ದಿನ ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೊ ಬರ್ತದೆ. ಹೊಸ ಬಣ್ಣ, ಹೂವಿನ ಹಾರ, ರಿಬ್ಬನ್ ಕತ್ತರಿಸುವ ಕೈ. ಕೆಳಗೆ ನಾವೆಲ್ಲ ಬೆಂಗಳೂರು, ಹೈದರಾಬಾದ್, ಪುಣೆಯಿಂದ ಚಪ್ಪಾಳೆ ಇಮೋಜಿ ಹಾಕ್ತೀವಿ. ಆ ಬ್ರಿಡ್ಜು ಹತ್ತಲಾರದವರು ಮಾತ್ರ ಫೋಟೊದಲ್ಲಿ ಇರೋದಿಲ್ಲ. ಅವರು ಗ್ರೂಪಿನಲ್ಲೂ ಇರೋದಿಲ್ಲ, ಹಾಗಾಗಿ ಅವರ ತಕರಾರು ಯಾರಿಗೂ ಕೇಳಿಸೋದಿಲ್ಲ.

ನಾನು ಠಾಣಾ ಕುಶನೂರದವನು. ನಮ್ಮೂರಿಗೆ ಹಳಿ ಇಲ್ಲ. ರೈಲು ಅಂದ್ರೆ ನಮಗೆ ಕಮಲನಗರ, ಇಲ್ಲಾಂದ್ರೆ ಭಾಲ್ಕಿ ಅಥವಾ ಬೀದರ. ವಿಕಾರಾಬಾದಿನಿಂದ ಪರಳಿಗೆ ಹೋಗುವ ಈ ಮಾರ್ಗ ನಿಜಾಮರ ಕಾಲದ್ದು. ಔರಾದ ಮೇಲಿಂದ ನಾಂದೇಡಕ್ಕೆ ಹೊಸ ಹಳಿ ಬೇಕು ಅಂತ ನಮ್ಮ ಕಡೆಯವರು ವರ್ಷಗಟ್ಟಲೆ ಕೇಳ್ತಾ ಬಂದಿದ್ದಾರೆ. ಅದು ಬಂದರೆ ಜತೆಗೆ ಸ್ಟೇಷನ್ನು, ದಾಟುದಾರಿ, ಬ್ರಿಡ್ಜು ಎಲ್ಲಾ ಬರ್ತಾವೆ. ನಕ್ಷೆ ಕಾಗದದ ಮೇಲೆ ಇರುವಾಗಲೇ ಈ ಮಾತು ಆಡಿಬಿಡೋದು ಒಳ್ಳೇದು, ಕಾಂಕ್ರೀಟು ಗಟ್ಟಿಯಾದ ಮೇಲೆ ಯಾರೂ ಕೇಳೋದಿಲ್ಲ.

ಮೊದಲು ರೈಲ್ವೆಯ ವಾದ ಕೇಳೋಣ, ಅದರಲ್ಲಿ ಹುರುಳಿದೆ. 2014ರ ಜುಲೈನಲ್ಲಿ ನಮಗೆ ದೂರವೇನಲ್ಲದ ಮೇದಕ್ ಜಿಲ್ಲೆಯ ಮಾಸಾಯಿಪೇಟೆಯಲ್ಲಿ, ಕಾವಲಿಲ್ಲದ ಗೇಟಿನಲ್ಲಿ ಶಾಲಾ ಬಸ್ಸಿಗೆ ನಾಂದೇಡ್ ಪ್ಯಾಸೆಂಜರ್ ಗುದ್ದಿತು. ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಅದಕ್ಕೂ ಎರಡು ವರ್ಷ ಮೊದಲು, 2012ರಲ್ಲಿ, ಅನಿಲ್ ಕಾಕೋಡ್ಕರ್ ಸಮಿತಿ ಹಳಿ ದಾಟುವಾಗ ದೇಶದಲ್ಲಿ ವರ್ಷಕ್ಕೆ ಸುಮಾರು 15,000 ಜನ ಸಾಯ್ತಾರೆ, ಅದರಲ್ಲಿ ಸುಮಾರು 6,000 ಮುಂಬೈ ಉಪನಗರದಲ್ಲೇ ಅಂತ ಹೇಳಿ, ಐದು ವರ್ಷದೊಳಗೆ ಎಲ್ಲಾ ಲೆವೆಲ್ ಕ್ರಾಸಿಂಗ್ ತೆಗೆಯಿರಿ ಅಂದಿತ್ತು. 2019ರ ಜನವರಿ ಹೊತ್ತಿಗೆ ಬ್ರಾಡ್‌ಗೇಜ್‌ನಲ್ಲಿ ಕಾವಲಿಲ್ಲದ ಗೇಟುಗಳು ಮುಗಿದವು. ಇದು ದೊಡ್ಡ ಕೆಲಸ. ಗೇಟು ಹಾಗೇ ಇರಲಿ ಅಂತ ನಾನು ವಾದ ಮಾಡ್ತಾ ಇಲ್ಲ. ಗೇಟಿನ ಜಾಗಕ್ಕೆ ಏನು ಬರ್ತದೆ, ಅದು ಯಾರಿಗೆ ಬರ್ತದೆ ಅನ್ನೋದು ನನ್ನ ಪ್ರಶ್ನೆ.

ಸ್ವಲ್ಪ ಲೆಕ್ಕ ಮಾಡೋಣ. ವಿದ್ಯುತ್ ತಂತಿ ಇರುವ ಹಳಿಯ ಮೇಲೆ ಬ್ರಿಡ್ಜು ಕಟ್ಟಬೇಕಂದ್ರೆ ಆರು ಮೀಟರಿಗೂ ಮೇಲೆ ಹೋಗಬೇಕು. ಆರೇ ಅಂತ ಹಿಡೀರಿ. ಒಂದು ಮೆಟ್ಟಿಲು 15 ಸೆಂಟಿಮೀಟರ್ ಅಂದ್ರೂ ಹತ್ತೋಕೆ 40, ಇಳಿಯೋಕೆ 40. ಎರಡಂತಸ್ತಿನ ಮನೆಯ ಮಾಳಿಗೆ ಹತ್ತಿ ಇಳಿದ ಹಾಗೆ. ಅದೇ ಹಳಿಯನ್ನು ನೆಲದ ಮೇಲೆ ದಾಟಿದ್ದರೆ ಹದಿನೈದಿಪ್ಪತ್ತು ಹೆಜ್ಜೆ. ಜಿಮ್ಮಿಗೆ ಹೋಗುವ ನಮಗೆ ಇದು ವ್ಯಾಯಾಮ. ತಲೆಮೇಲೆ ಗಂಟು ಹೊತ್ತವಳಿಗೆ, ಬಸುರಿಗೆ, ಸೈಕಲ್ ತಳ್ಳಿಕೊಂಡು ಬರುವವನಿಗೆ, ಮಣಕಾಲು ಸವೆದ ಮುತ್ಯಾಗೆ ಇದು ಗೋಡೆ.

ಹಾಗಾದ್ರೆ ರ‍್ಯಾಂಪ್ ಹಾಕಲಿ ಅಂತೀರಿ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯ ಪ್ರಕಾರ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಒಂಬತ್ತು ಮೀಟರಿಗೊಮ್ಮೆ ನಿಂತು ಉಸಿರಾಡೋಕೆ ಸಮತಟ್ಟು ಜಾಗ ಬೇಕು. ಆರು ಮೀಟರ್ ಎತ್ತರಕ್ಕೆ 72 ಮೀಟರ್ ಇಳಿಜಾರು, ನಡುವಿನ ಸಮತಟ್ಟು ಸೇರಿದರೆ 80 ದಾಟ್ತದೆ. ಎರಡೂ ಕಡೆ ಸೇರಿ 160ಕ್ಕೂ ಹೆಚ್ಚು. ಗಾಲಿಕುರ್ಚಿಯನ್ನು ಒಬ್ಬರೇ ಅಷ್ಟು ದೂರ ತಳ್ಳಿಕೊಂಡು ಹೋಗ್ತಾರೆ ಅನ್ನೋದೇ ಕಷ್ಟ. ಎರಡು ನಿಮಿಷ ನಿಲ್ಲುವ ಗಾಡಿ ಅವರಿಗಾಗಿ ಕಾಯೋದಿಲ್ಲ. ಅಂದ್ರೆ ರ‍್ಯಾಂಪ್ ಹಾಕಿದ್ದೀವಿ ಅಂದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗೋದಿಲ್ಲ.

ಲಿಫ್ಟ್? ಬೆಂಗಳೂರಿನ ಸ್ಕೈವಾಕ್‌ಗಳನ್ನು ನೋಡಿದವರಿಗೆ ಈ ಕಥೆ ಗೊತ್ತು. ಮೇಲೆ ಜಾಹೀರಾತಿನ ಬೋರ್ಡಿಗೆ ರಾತ್ರಿಯಿಡೀ ಕರೆಂಟು ಇರ್ತದೆ, ಕೆಳಗೆ ಲಿಫ್ಟಿನ ಬಾಗಿಲಿಗೆ ಬೀಗ ಇರ್ತದೆ. ಲಿಫ್ಟು ಕೆಟ್ಟರೆ ರಿಪೇರಿಗೆ ಮೆಕ್ಯಾನಿಕ್ ಬೇಕು, ವರ್ಷವರ್ಷ ನಿರ್ವಹಣೆಗೆ ಹಣ ಬೇಕು. ಸಣ್ಣ ಸ್ಟೇಷನ್ನಿಗೆ ಆ ಮೆಕ್ಯಾನಿಕ್ ಎಲ್ಲಿಂದ, ಎಷ್ಟು ದಿನದಲ್ಲಿ ಬರ್ತಾನೆ? ಉದ್ಘಾಟನೆಯ ದಿನ ಈ ಪ್ರಶ್ನೆ ಯಾರೂ ಕೇಳೋದಿಲ್ಲ.

ಅಂಡರ್‌ಪಾಸ್ ಇನ್ನೊಂದು ದಾರಿ. ಗೇಟು ಹೋದ ಎಷ್ಟೋ ಕಡೆ ಅದೇ ಬಂದಿದೆ, ಇಳಿಜಾರು ಹದವಾಗಿದ್ದರೆ ಬ್ರಿಡ್ಜಿಗಿಂತ ಅದೇ ಮೇಲು. ಆದರೆ ಮಳೆಗಾಲದಲ್ಲಿ ಅದು ಬಾವಿ ಆಗ್ತದೆ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ನಮ್ಮ ಹಾಗೆ ಐಟಿ ಕೆಲಸದಲ್ಲಿದ್ದ ಯುವತಿಯೊಬ್ಬಳು ಸತ್ತಳು. ರಾಜಧಾನಿಯ ನಡುಮಧ್ಯೆಯೇ ನೀರು ಹೊರಹಾಕೋಕೆ ಆಗಲಿಲ್ಲ ಅಂದ ಮೇಲೆ ಹಳ್ಳಿಯ ಹಳಿ ಕೆಳಗಿನ ಪಂಪು ನಡೀತದೆ ಅಂತ ಯಾವ ಭರವಸೆ?

ನಮ್ಮ ಆಯಿಯನ್ನು ಹೈದರಾಬಾದಿನ ಆಸ್ಪತ್ರೆಗೆ ತೋರಿಸಿಕೊಂಡು ವಾಪಸ್ ಬರುವಾಗ, ಒಂದು ಸ್ಟೇಷನ್ನಿನಲ್ಲಿ ಗಾಡಿ ಆಚೆ ಪ್ಲಾಟ್‌ಫಾರ್ಮಿಗೆ ಬಂತು. ಹೆಸರು ಬೇಡ, ಅಂಥವು ಬೇಕಾದಷ್ಟಿವೆ. ಬ್ರಿಡ್ಜಿತ್ತು, ಬರೀ ಮೆಟ್ಟಿಲು. ಅಲ್ಲಿದ್ದ ಕೂಲಿಯೊಬ್ಬರು, "ಆಯೀ, ಕೆಳಗಿಂದ ಬರ್ರಿ, ಈಗ ಯಾವ ಗಾಡೀನೂ ಇಲ್ಲ" ಅಂತ ದಾರಿ ತೋರಿಸಿದರು. ಆಯಿ ನನ್ನ ಕಡೆ ತಿರುಗಿ, "ಮ್ಯಾಲಿಂದ ಹೋದ್ರ ಕಾಲು ಹೋಗ್ತಾವ, ಕೆಳಗಿಂದ ಹೋದ್ರ ಜೀವಾನೇ ಹೋಗ್ಬಹುದು. ಯಾವ್ದು ಮಾಡ್ಲಿ, ನೀನೇ ಹೇಳಪಾ" ಅಂದಳು. ಕೆಳಗಿಂದಲೇ ಬಂದೆವು. ಕೂಲಿ ಅವಳ ಕೈ ಹಿಡಿದಿದ್ದರು.

ಕಾನೂನಿನ ಕಣ್ಣಿನಲ್ಲಿ ಆಯಿ ಅವತ್ತು ಅಪರಾಧಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಹಳಿ ಮೇಲೆ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಇನ್ನೊಂದು ಕಾನೂನಿನ ಕಣ್ಣಿನಲ್ಲಿ ತಪ್ಪು ಅವಳದ್ದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ರೈಲು ನಿಲ್ದಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಅಂತದೆ. ನಿಯಮ ಪಾಲಿಸದ ನಕ್ಷೆಗೆ ಕಟ್ಟಲು ಅನುಮತಿಯನ್ನೇ ಕೊಡಬಾರದು ಅಂತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷದ ಗಡುವು 2022ರಲ್ಲೇ ಮುಗೀತು. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಮೊದಲನೇ ಕಾಯ್ದೆ ಮುರಿದರೆ ಮುದುಕಿಗೆ ದಂಡ. ಎರಡನೇದು ಮುರಿದರೆ ಯಾರಿಗೆ?

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಎಲ್ಸೆನ್‌ಹ್ಯಾಮ್ ಅಂತ ಸಣ್ಣ ಸ್ಟೇಷನ್ ಇದೆ. 2005ರ ಡಿಸೆಂಬರಿನಲ್ಲಿ ಅಲ್ಲಿನ ಕಾಲ್ದಾರಿ ಕ್ರಾಸಿಂಗಿನಲ್ಲಿ ಇಬ್ಬರು ಹುಡುಗಿಯರು ಸತ್ತರು. ಅಲ್ಲಿ ಅಪಾಯ ಇದೆ ಅಂತ ಮೊದಲೇ ಬರೆದಿಟ್ಟ ದಾಖಲೆಗಳು ಆಮೇಲೆ ಹೊರಬಿದ್ದವು. 2012ರಲ್ಲಿ ನೆಟ್‌ವರ್ಕ್ ರೈಲ್‌ಗೆ ಹತ್ತು ಲಕ್ಷ ಪೌಂಡ್ ದಂಡ ಬಿತ್ತು. ಹೊಣೆ ದಾಟಿದವರ ಮೇಲಲ್ಲ, ದಾರಿ ಮಾಡಿದವರ ಮೇಲೆ ಬಿತ್ತು. ನಮ್ಮಲ್ಲಿ ಹಳಿ ಮೇಲೆ ಸತ್ತವರ ಬಗ್ಗೆ ಮೊದಲು ಬರುವ ಮಾತು "ಬ್ರಿಡ್ಜ್ ಇತ್ತಲ್ಲ, ಯಾಕೆ ಬಳಸಲಿಲ್ಲ?"

2017ರಲ್ಲಿ ಮುಂಬೈನ ಎಲ್ಫಿನ್‌ಸ್ಟನ್ ರೋಡ್ ಬ್ರಿಡ್ಜಿನ ಕಾಲ್ತುಳಿತದಲ್ಲಿ 23 ಜನ ಸತ್ತ ಮೇಲೆ, ಪಾದಚಾರಿ ಬ್ರಿಡ್ಜು ಪ್ರಯಾಣಿಕರ ಸೌಕರ್ಯ ಅಲ್ಲ, ಕಡ್ಡಾಯ ಅಗತ್ಯ ಅಂತ ರೈಲ್ವೆ ತೀರ್ಮಾನಿಸಿತು. ಒಳ್ಳೇದೇ. ಇನ್ನೊಂದು ಹೆಜ್ಜೆ ಬಾಕಿ ಇದೆ: ಹತ್ತಲಾಗದವರಿಗೆ ದಾರಿ ಇರೋದೂ ಅದೇ ಅಗತ್ಯದ ಭಾಗ ಆಗಬೇಕು. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರು. ಮುದುಕರು, ಬಸುರಿಯರು, ಕಾಲು ಮುರಿದುಕೊಂಡವರು ಆ ಲೆಕ್ಕಕ್ಕೆ ಬರೋದೇ ಇಲ್ಲ.

ಮಾಡಬಹುದಾದ್ದು ಏನಿದೆ? ಎಲ್ಲವೂ ಕೋಟಿ ರೂಪಾಯಿ ಕೆಲಸವಲ್ಲ. ಎಷ್ಟೋ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರ್ಮಿನ ತುದಿಗೆ ಸಾಮಾನಿನ ಟ್ರಾಲಿ ದಾಟುವ ದಾರಿ ಇರ್ತದೆ. ಪಾರ್ಸೆಲ್ಲಿಗೆ ಇರುವ ದಾರಿ ಮನುಷ್ಯರಿಗೂ ಇರಲಿ, ಸ್ಟೇಷನ್ ಸಿಬ್ಬಂದಿ ಜತೆಗೆ ನಿಂತು, ಗಾಡಿ ಇಲ್ಲದ್ದು ಖಾತ್ರಿ ಮಾಡಿಕೊಂಡು ದಾಟಿಸಲಿ. ಸಾಧ್ಯವಿದ್ದಾಗಲೆಲ್ಲ ಗಾಡಿಯನ್ನು ಬಾಗಿಲ ಕಡೆಯ ಒಂದನೇ ಪ್ಲಾಟ್‌ಫಾರ್ಮಿಗೇ ತೆಗೆದುಕೊಳ್ಳಲಿ, ಆಚೆ ಕಡೆ ಬರೋದಾದ್ರೆ ಮೊದಲೇ ಹೇಳಲಿ. ಲಿಫ್ಟು ಕಟ್ಟುವ ಟೆಂಡರಿನಲ್ಲೇ ಹತ್ತು ವರ್ಷದ ನಿರ್ವಹಣೆಯೂ ಸೇರಲಿ. ಎಲ್ಲಕ್ಕಿಂತ ಮೊದಲು, ಬೇರೆ ದಾರಿ ನಡೀತಾ ಇದೆ ಅಂತ ಕಣ್ಣಾರೆ ನೋಡುವವರೆಗೆ ಗೇಟು ಮುಚ್ಚಬಾರದು.

ನಾವು ಐಟಿಯವರು ಕೆಲಸ ಮಾಡದ ಫೀಚರನ್ನು ರಿಲೀಸ್ ಮಾಡಿದರೆ ಮರುದಿನ ವಾಪಸ್ ತಗೋತೀವಿ. ಬ್ರಿಡ್ಜಿಗೆ ಆ ಸೌಲಭ್ಯ ಇಲ್ಲ. ಅದಕ್ಕೇ ಮುಂದಿನ ಸಲ ಗ್ರೂಪಿನಲ್ಲಿ ಹೊಸ ಬ್ರಿಡ್ಜಿನ ಫೋಟೊ ಬಂದರೆ ಚಪ್ಪಾಳೆಯ ಮೊದಲು ಒಂದು ಸಾಲು ಟೈಪ್ ಮಾಡ್ರಿ: ಲಿಫ್ಟ್ ಎಲ್ಲಿದೆ, ಇವತ್ತು ನಡೀತಾ ಇದೆಯಾ?