ಕೂಟವೋ ದೊಂಬಿಯೋ: ಜನಸಮೂಹದ ಚರಿತ್ರೆಯನ್ನು ಕುರಿತು ಒಂದು ವಿಮರ್ಶೆ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಆಲೂರಿನ ಸೀಮೆಯನ್ನು ದಾಟಿ ಸಕಲೇಶಪುರವನ್ನು ಸಮೀಪಿಸುವಲ್ಲಿ ಬಾಳ್ಳುಪೇಟೆ ಇದೆ. ಘಟ್ಟದ ಮೇಲಿನವರೂ ಕೆಳಗಿನವರೂ ಪರಸ್ಪರ ಮುಖ ನೋಡಿಕೊಂಡು ಬಂದ ದಾರಿ ಇದು. ಇಂಥ ಪ್ರದೇಶದಲ್ಲಿ ನಿಂತು ಆಲೋಚಿಸುವವರಿಗೆ, ಜನರು ಒಟ್ಟುಗೂಡುವ ಬಗೆಯನ್ನೂ ಅವರು ಅನ್ಯರನ್ನು ಎದುರುಗೊಳ್ಳುವ ಬಗೆಯನ್ನೂ ಬೇರೆ ಬೇರೆಯಾಗಿ ತಿಳಿಯುವುದು ಸಾಧ್ಯವಿಲ್ಲವೆಂದು ತೋರುತ್ತದೆ. ಆದರೆ ವಿದ್ವಾಂಸರು ಇವೆರಡನ್ನೂ ಬಹುಮಟ್ಟಿಗೆ ಎರಡು ಪ್ರತ್ಯೇಕ ವಿಷಯಗಳಾಗಿ ವ್ಯಾಸಂಗ ಮಾಡಿದ್ದಾರೆ. ಇದರಿಂದ ಆಗಿರುವ ನಷ್ಟವನ್ನು ಮೈಸೂರು ಸೀಮೆಯ ಒಂದು ಪ್ರಸಂಗದ ಮೂಲಕ ಪರಿಶೀಲಿಸಬೇಕೆಂಬುದು ನಮ್ಮ ಉದ್ದೇಶ.

ಫ್ರಾನ್ಸಿನ ಗುಸ್ತಾವ್ ಲೆ ಬಾನ್ 1895ರಲ್ಲಿ ಜನಸಮೂಹದ ಮನೋಧರ್ಮವನ್ನು ಕುರಿತು ಬರೆದ ಗ್ರಂಥ ಲೋಕಪ್ರಸಿದ್ಧವಾಯಿತು. ಗುಂಪಿನಲ್ಲಿ ಸೇರಿದ ಮನುಷ್ಯ ವಿವೇಕವನ್ನು ಕಳೆದುಕೊಳ್ಳುತ್ತಾನೆಂಬುದು ಅವನ ಸಿದ್ಧಾಂತ. ಇದೇ ಲೆ ಬಾನ್ 1887ರಲ್ಲಿ ಭಾರತದ ನಾಗರಿಕತೆಗಳನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದ್ದನೆಂಬುದನ್ನು ನಮ್ಮಲ್ಲಿ ಗಮನಿಸಿದವರು ಕಡಮೆ. ಪರದೇಶದ ಜನವನ್ನು ಜನಾಂಗವೆಂಬ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ನೋಡಿದ ಕಣ್ಣು, ಸ್ವದೇಶದ ಬೀದಿಯ ಜನವನ್ನೂ ಹಾಗೆಯೇ ನೋಡಿದ್ದರಲ್ಲಿ ಆಶ್ಚರ್ಯವೇನು? ಜಾರ್ಜ್ ರೂಡೆ 1959ರಲ್ಲಿ ಪೊಲೀಸು ದಾಖಲೆಗಳಿಂದಲೇ ಪ್ಯಾರಿಸ್ಸಿನ ಗುಂಪಿನವರ ಕಸಬುಗಳನ್ನು ಹೆಕ್ಕಿ ತೆಗೆದು, ಅದು ಕುಶಲಕರ್ಮಿಗಳೂ ಅಂಗಡಿಕಾರರೂ ಕೂಡಿದ್ದ ಸಮೂಹವೆಂದು ತೋರಿಸಿದನು. ಇ. ಪಿ. ಥಾಮ್ಸನ್ 1971ರಲ್ಲಿ, ಇಂಗ್ಲೆಂಡಿನ ಧಾನ್ಯದ ಗಲಭೆಗಳ ಹಿಂದೆ ನ್ಯಾಯವಾದ ಬೆಲೆಯೆಂಬ ಕಲ್ಪನೆಯೊಂದು ಇತ್ತೆಂದು ಪ್ರತಿಪಾದಿಸಿದನು. ರಣಜಿತ್ ಗುಹಾ ಅವರು 1983ರಲ್ಲಿ ನಮ್ಮ ರೈತ ಬಂಡಾಯಗಳಿಗೂ ಸ್ವಂತ ಪ್ರಜ್ಞೆಯುಂಟೆಂದು ಸ್ಥಾಪಿಸಿದರು. ಇವೆಲ್ಲ ಉಪಕಾರಕ ಕೃತಿಗಳೇ ಸರಿ.

ಈಗ ನಮ್ಮ ಪ್ರಸಂಗಕ್ಕೆ ಬರೋಣ. 1830ರಲ್ಲಿ, ಬಾಳ್ಳುಪೇಟೆಗೆ ಉತ್ತರದ ಮಲೆನಾಡಿನಲ್ಲಿ, ನಗರದ ಫೌಜುದಾರಿಯ ರೈತರು ಕೂಟಗಳನ್ನು ಕೂಡಿದರು. ಷರತ್ತಿನ ಪದ್ಧತಿಯಂತೆ ಅಮಲ್ದಾರನು ಇಂತಿಷ್ಟು ಕಂದಾಯ ಕೂಡಿಸಿಕೊಡುವೆನೆಂದು ಒಪ್ಪಿ, ಕಡಮೆಯಾದರೆ ತಾನೇ ತುಂಬಿಕೊಡಬೇಕಾಗಿತ್ತು. ಆ ಭಾರ ಕಡೆಗೆ ಯಾರ ಬೆನ್ನಿನ ಮೇಲೆ ಬೀಳುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಬೂದಿ ಬಸವಪ್ಪನು ನಗರದ ಗದ್ದುಗೆಗೆ ಹಕ್ಕುದಾರನೆಂದು ಮುಂದೆ ಬಂದನು. ತರೀಕೆರೆಯ ಪಾಳೆಯಗಾರನೂ ಎದ್ದನು. 1831ರ ಅಕ್ಟೋಬರಿನಲ್ಲಿ ಕಂಪನಿ ಸರ್ಕಾರ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ವಹಿಸಿಕೊಂಡಿತು. ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿ ತನ್ನ ವರದಿಯನ್ನು ಒಪ್ಪಿಸಿದ್ದು 1833ರ ಡಿಸೆಂಬರಿನಲ್ಲಿ. ಎಂದರೆ ತೀರ್ಪು ಮೊದಲು, ವಿಚಾರಣೆ ಅನಂತರ! ಮೈಸೂರು ಮತ್ತೆ ಅರಸರ ಕೈಗೆ ಬಂದದ್ದು 1881ರಲ್ಲಿ. ರೈತರ ಕೂಟವೊಂದನ್ನು ಯಾರು ಹೇಗೆ ವರ್ಣಿಸಿದರೆಂಬುದು ಒಂದು ಸಂಸ್ಥಾನದ ಐವತ್ತು ವರ್ಷಗಳ ಭವಿಷ್ಯದೊಡನೆ ಹೆಣೆದುಕೊಂಡಿತ್ತು. ಆದ್ದರಿಂದಲೇ ವರದಿಯನ್ನು ಬರಿಯ ಆಕರವೆಂದು ಓದುವುದು ಸಾಲದು.

ಈ ದಂಗೆಯನ್ನು ಕುರಿತ ಬರೆಹಗಳಲ್ಲಿ ಬರ್ಟನ್ ಸ್ಟೈನ್ 1985ರಲ್ಲಿ ಪ್ರಕಟಿಸಿದ ಲೇಖನ ಗಮನಾರ್ಹವಾದುದು. ರೈತ ಬಂಡಾಯವೆಂಬ ಹೆಸರನ್ನೇ ಆತ ಪ್ರಶ್ನೆಗೆ ಒಡ್ಡಿದನು. ಆದರೆ ನಮ್ಮ ದೃಷ್ಟಿಯಲ್ಲಿ ಪ್ರಶ್ನಿಸಬೇಕಾದ ಇನ್ನೊಂದು ಮಾತಿದೆ, ಅದು ಕೂಟವೆಂಬುದೇ. ಇಂಗ್ಲಿಷ್ ಬರೆಹಗಾರರು ಈ ಶಬ್ದವನ್ನು ಹಾಗೆಯೇ ಎತ್ತಿಕೊಂಡು, ಅದಕ್ಕೆ ಅಸಮಾಧಾನದ ಸಭೆಯೆಂಬ ಅರ್ಥವನ್ನು ಅಂಟಿಸಿದರು. ಕನ್ನಡದಲ್ಲಿ ಕೂಟಕ್ಕೆ ಅಂಥ ಕಹಿಯೇನೂ ಇಲ್ಲ. ನೆರವಿ ಬೇರೆ, ಜಾತ್ರೆ ಬೇರೆ, ಗುಂಪು ಬೇರೆ, ದೊಂಬಿ ಬೇರೆ. ಕೂಟವೆಂದರೆ ಒಂದು ಉದ್ದೇಶಕ್ಕಾಗಿ, ಒಬ್ಬರನ್ನೊಬ್ಬರು ಬಲ್ಲವರು ಕೂಡುವುದು. 1860ರ ದಂಡಸಂಹಿತೆ ಐವರು ಅಥವಾ ಹೆಚ್ಚು ಮಂದಿ ಕಾನೂನುಬಾಹಿರ ಉದ್ದೇಶದಿಂದ ಸೇರುವುದನ್ನು ಅಪರಾಧವೆಂದು ವಿಧಿಸಿದಾಗ, ಕನ್ನಡದ ನ್ಯಾಯಾಲಯಗಳಲ್ಲಿ ಅದಕ್ಕೆ ಅಕ್ರಮಕೂಟವೆಂಬ ಹೆಸರು ನೆಲೆಗೊಂಡಿತು. ಕೂಟಕ್ಕೆ ಅಕ್ರಮವೆಂಬ ವಿಶೇಷಣವನ್ನು ಹೊರಗಿನಿಂದ ತಂದು ಸೇರಿಸಬೇಕಾಯಿತೆಂಬುದೇ ಆ ಶಬ್ದದ ಸಹಜವಾದ ಮಾನಕ್ಕೆ ಸಾಕ್ಷಿ. ಥಾಮ್ಸನ್ನನ ನ್ಯಾಯವಾದ ಬೆಲೆಯ ಪ್ರಶ್ನೆಯನ್ನು ನಾವು ಇಲ್ಲಿ ಕೇಳುವುದಾದರೆ, ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಗೊತ್ತುಮಾಡಿದ ಶಿಸ್ತಿನ ನೆನಪು ಈ ಕೂಟಗಳಲ್ಲಿ ಎಷ್ಟರಮಟ್ಟಿಗೆ ಜೀವಂತವಾಗಿತ್ತೆಂದು ಕೇಳಬೇಕು. ಗುಹಾ ಅವರ ವಿಧಾನ ಸರ್ಕಾರಿ ಕಾಗದವನ್ನು ತಿರುವಿ ಓದಲು ಕಲಿಸುತ್ತದೆ. ತಿರುವಿದ ಬಳಿಕ ಕಾಣುವ ಕನ್ನಡ ಶಬ್ದವನ್ನು ತೂಗುವ ಕೆಲಸ ನಮ್ಮದು.

ಎದುರುಗೊಳ್ಳುವಿಕೆಯ ಸಾಹಿತ್ಯದಲ್ಲಿ ಈ ಬೆಟ್ಟಗಳಿಗೆ ಸೇರಿದ ಕೃತಿಯೆಂದರೆ ರಾಬರ್ಟ್ ಎಲಿಯಟ್ಟನದು. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ಕಾಫಿ ತೋಟ ಮಾಡಿದ ಈತ, ತನ್ನ ಅನುಭವಗಳನ್ನು 1871ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದನು. 1894ರಲ್ಲಿ ಇನ್ನೊಂದು ಗ್ರಂಥ ಬಂದಿತು. ನೆರೆಯ ಗೌಡರನ್ನೂ ಪಟೇಲರನ್ನೂ ಆತ ಬಲ್ಲವನು. ಮಿಷನರಿಗಳ ಅಭಿಪ್ರಾಯಗಳನ್ನು ಖಂಡಿಸುವಷ್ಟು ಸ್ವತಂತ್ರನೂ ಹೌದು. ಆದರೂ ಬಲ್ಲ ಪಟೇಲನಿಗೆ ಸಲ್ಲುವ ಮುಖ, ಕೂಲಿಗೆ ಬಂದವನಿಗೆ ಅಷ್ಟಾಗಿ ಸಲ್ಲುವುದಿಲ್ಲ. ಅಲ್ಲಿ ವ್ಯಕ್ತಿ ಮರೆಯಾಗಿ ಆಳುಗಳ ಲೆಕ್ಕ ಮುಂದಾಗುತ್ತದೆ. ಒಬ್ಬನೇ ಲೇಖಕನ ಕೈಯಲ್ಲಿ ಪರಿಚಯದ ವೃತ್ತಾಂತವು ಗುಂಪಿನ ವೃತ್ತಾಂತವಾಗುವುದನ್ನು ಇಲ್ಲಿ ನೋಡಬಹುದು. ಎರಡು ವಿಷಯಗಳನ್ನೂ ಒಟ್ಟಿಗೆ ಓದಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ. ಇಂಗ್ಲಿಷ್ ದೊರೆಯ ಮೇಲೆ ಮಾತ್ರ ಈ ದೋಷವನ್ನು ಹೊರಿಸಿ ಸುಮ್ಮನಾಗುವಂತೆಯೂ ಇಲ್ಲ. ಅಸ್ಸಾಮಿನಿಂದ ಬಂದು ಈ ಕಾಫಿ ಸೀಮೆಯ ಲೈನುಮನೆಗಳಲ್ಲಿ ಇಂದು ವಾಸವಾಗಿರುವವರನ್ನು ನಾವೂ ಹೆಸರಿನಿಂದ ಕರೆಯುವುದು ಅಪೂರ್ವ.

ಆದ್ದರಿಂದ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಸಿದ್ಧಾಂತ ಗ್ರಂಥಗಳ ಜೊತೆಗೆ ತೋಟಗಳ ಹಾಜರಿ ಪುಸ್ತಕಗಳನ್ನೂ ಮೇಸ್ತ್ರಿಗಳ ಮುಂಗಡದ ಲೆಕ್ಕಗಳನ್ನೂ ನೋಡಬೇಕು. ಪ್ಯಾರಿಸ್ಸಿನ ಪೊಲೀಸು ದಫ್ತರದಿಂದ ರೂಡೆ ಕಸಬುಗಳನ್ನು ಹೆಕ್ಕಿದಂತೆ, ಈ ಪುಟಗಳಿಂದ ಊರು, ಕುಲ, ಮಾತು, ಬಂದ ತಿಂಗಳು, ಹೋದ ತಿಂಗಳು ಇವನ್ನು ಹೆಕ್ಕಬಹುದು. ಹಳೆಯ ತೋಟಗಳ ಪುಸ್ತಕಗಳು ಗೆದ್ದಲಿಗೂ ಮಳೆಗೂ ಸಿಕ್ಕುವ ಮುನ್ನವೇ ಆ ಕೆಲಸ ಆಗಬೇಕು.